ಒಂದು ಪ್ರಶ್ನೆ, ಎರಡು ಮನೆ

ಧಡಾಂ ಎಂಬ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಒಮ್ಮೆಗೇ ಹಾರಿದವು. ಹುಮನಾಬಾದಿನ ಆ ಖಾಸಗಿ ಪ್ರೌಢಶಾಲೆಯಲ್ಲಿ ಅಂದು ಇತಿಹಾಸ ಪ್ರದರ್ಶನ. ಡ್ರಿಲ್ ಮಾಸ್ತರ ಏಜಾಜ್ ಥರ್ಮಾಕೋಲಿನ ಟ್ಯಾಂಕು ಮಾಡಿ, ಹೊಟ್ಟೆಯೊಳಗೆ ಸ್ಪೀಕರ್ ಇಟ್ಟಿದ್ದರು. ಸಂಸ್ಥೆಯ ಅಧ್ಯಕ್ಷರು ಅದನ್ನು ಮತ್ತೆ ಮತ್ತೆ ಹಾರಿಸಿ ಹಿಗ್ಗಿದರು. ಯುದ್ಧವೆಂದರೆ ಅವರಿಗೆ ಗೊತ್ತಿದ್ದದ್ದು ಅಷ್ಟೇ.

ರತ್ನಮಾಲಾ ಟೀಚರಿಗೆ ನಗು ಬರಲಿಲ್ಲ. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು ಇತಿಹಾಸ ಕಲಿಸುವ ಆಕೆಯ ಪದ್ಧತಿ ಒಂದೇ: ಒಂದು ಪ್ರಶ್ನೆಯನ್ನು ಎರಡು ಮನೆಯಲ್ಲಿ ಕೇಳಬೇಕು. ನಲವತ್ತೆಂಟರಲ್ಲಿ ನಿಜಾಮನ ಆಳ್ವಿಕೆ ಮುಗಿದಾಗ ನಿಮ್ಮ ಮನೆಯಲ್ಲಿ ಏನಾಯಿತು ಎಂದು ಈ ವರ್ಷ ಮಕ್ಕಳು ಕೇಳಿಕೊಂಡು ಬಂದಿದ್ದರು. ಹುಡಗಿ ಊರಿನ ಮೀರಾಬಾಯಿ, ನಿಜಾಮನ ಕಡೆಯ ರಜಾಕಾರರಿಗೆ ಹೆದರಿ ಜೋಳ ತುಂಬುವ ಹಗೇವಿನಲ್ಲಿ ಅಡಗಿದ್ದನ್ನು ಹೇಳಿದ್ದಳು. ಮಂಠಾಳದ ವಜೀರಬಿ, ಅದಾದ ಮೇಲೆ ಸೇಡು ತೀರಿಸಲು ಬಂದ ಗುಂಪಿಗೆ ಹೆದರಿ ಹೊಲದ ಬೆಳೆಯೊಳಗೆ ಅಡಗಿದ್ದನ್ನು. ಇಬ್ಬರೂ ಆಗ ಸಣ್ಣ ಹುಡುಗಿಯರು. ಇಬ್ಬರನ್ನೂ ಮೈಕಿನ ಮುಂದೆ ಮಾತಾಡಿಸುತ್ತೇನೆಂದು ಟೀಚರು ಮಾತು ಕೊಟ್ಟಿದ್ದಳು. ಇಬ್ಬರೂ ಬಂದು ಬೆಂಚಿನ ಮೇಲೆ ಕೂತು ಎಲೆಯಡಿಕೆ ಹಂಚಿಕೊಳ್ಳುತ್ತಿದ್ದರು.

"ಮೀರಾಬಾಯಿ ಮಾತಾಡ್ಲಿ ಟೀಚರ್," ಎಂದರು ಅಧ್ಯಕ್ಷರು. "ಆ ಇನ್ನೊಂದು ಮುದುಕಿ ಯಾಕ್ರಿ? ಸುಮ್ನ ಲಫಡಾ."

"ಎರಡೂ ಸಾಕ್ಷಿನೇರಿ ಸರ್. ಒಂದ ಕೇಳಿಸಿದ್ರ ಅದು ಜಾಹೀರಾತು ಆಗ್ತದ."

"ಹುಡುಗ್ರ ತಲಿ ಕೆಡ್ತದ."

"ಕೆಡ್ಲಿ ಬಿಡ್ರಿ. ಅದಕ್ಕ ಕರೆಸೀನಿ."

ಅಧ್ಯಕ್ಷರು ನೊಂದವರಂತೆ ಎದೆ ಮುಟ್ಟಿಕೊಂಡರು. "ನಾ ಏನ್ ಸರ್ವಾಧಿಕಾರಿ ಏನ್ರಿ? ಪ್ರಜಾಪ್ರಭುತ್ವ ಅದ ನಮ್ಮಲ್ಲಿ. ಓಟ್ ಹಾಕಿಸ್ತೀನಿ." ಶಿಕ್ಷಕರನ್ನೆಲ್ಲ ಕರೆದು ತಮ್ಮೆದುರು ಸಾಲಾಗಿ ನಿಲ್ಲಿಸಿದರು. "ವಜೀರಬಿ ಮಾತಾಡೋದು ಬ್ಯಾಡ ಅನ್ನೋರು ಕೈ ಎತ್ರಿ."

"ಚೀಟಿ ಮ್ಯಾಲ ಹಾಕಿಸ್ರಿ ಸರ್," ಎಂದಳು ರತ್ನಮಾಲಾ.

"ಯಾಕ? ನಮ್ಮ ನಮ್ಮೊಳಗ ಮುಚ್ಚುಮರೆ ಏನದ?"

ಕೈಗಳು ಎದ್ದವು. ಪ್ರತಿ ಜೂನಿನಲ್ಲಿ ಹೊಸದಾಗಿ ನೌಕರಿ ಬೇಡಬೇಕಾದ ಕೈಗಳು. ಏಜಾಜ್ ನೆಲ ನೋಡುತ್ತ ಎತ್ತಿದರು. ವಿಜ್ಞಾನದ ಜ್ಞಾನೇಶ್ವರ ಎರಡೂ ಎತ್ತಿದ. ಅಧ್ಯಕ್ಷರು ಎಣಿಸುವ ಗೋಜಿಗೂ ಹೋಗಲಿಲ್ಲ.

ಹತ್ತನೆಯ ತರಗತಿಗೆ ರತ್ನಮಾಲಾ ಸರ್ವಾಧಿಕಾರಿಯ ಕಾಲದ ಜರ್ಮನಿಯ ಹಳೆಯ ಫೋಟೊ ತೋರಿಸಿದ್ದಳು. ಇಷ್ಟು ಜನ ಕೈ ಎತ್ತಿದ್ದಾರಲ್ಲ, ಯಾರು ನೋಡುತ್ತಿದ್ದಾರೆಂದು ಎತ್ತಿದ್ದಾರೆ ಎಂದು ಕೇಳಿದ್ದಳು. ಅಷ್ಟು ದೂರ ಹೋಗಬೇಕಿರಲಿಲ್ಲ ಎಂದು ಈಗ ಅನ್ನಿಸಿತು.

ವಜೀರಬಿ ಎಲ್ಲ ಕೇಳಿಸಿಕೊಂಡಿದ್ದಳು. ಚಪ್ಪಲಿ ಮೆಟ್ಟಿ ಎದ್ದಳು. "ಹೋಗ್ತೀನಿ ಬೇಟಿ. ನಿನ್ನ ನೌಕರಿ ಖರಾಬ್ ಆಗ್ತದ."

ಮೀರಾಬಾಯಿ ಆಕೆಯ ಸೆರಗು ಜಗ್ಗಿದಳು. "ಕೂಡು. ನನ್ನೊಬ್ಬಾಕಿನ್ನ ಇವರ ಕೈಯಾಗ ಬಿಟ್ಟು ಹೊಂಟೀಯೇನು?"

"ಬಹುಮತ ಅಂದ್ರ ಬಹುಮತ, ಟೀಚರ್," ಎಂದರು ಅಧ್ಯಕ್ಷರು. "ಬರೋ ವರ್ಷದ ನಿಮ್ಮ ಆರ್ಡರಿಗೆ ಸಹಿ ಮಾಡೋರು ಯಾರು, ನೆನಪಿರ್ಲಿ."

"ಮೈಕ್ ನೀವ ಇಟ್ಕೊಳ್ರಿ ಸರ್. ಇವರ ಮಾತು ಹತ್ರ ಕೂತ್ರ ಕೇಳ್ತದ."

"ನಾ ಇನ್ನೂ ಮಾತಾಡಾಕತ್ತೇನಿ. ಸಂಸ್ಥಾ ಅಂದ್ರ ಒಂದು ಶಿಸ್ತು ಇರ್ತದ, ಒಂದು..."

ರತ್ನಮಾಲಾ ಇಬ್ಬರು ಮುದುಕಿಯರ ಕೈ ಹಿಡಿದು ಆಗಲೇ ಹತ್ತನೆಯ ತರಗತಿಯತ್ತ ನಡೆದಿದ್ದಳು.