ಲಕ್ಕಪ್ಪನ ಹಾಲೈಸಿನ ಹಾಡು

ಮುರಗೋಡದ ಲಕ್ಕಪ್ಪನಿಗೆ ಈಗ ಅರವತ್ತೆಂಟು. ನಲವತ್ತು ವರ್ಷದಿಂದ ಐಸ್‌ಕ್ಯಾಂಡಿ ಮಾರುತ್ತಿದ್ದಾನೆ. ಮೊದಲು ಸೈಕಲ್ಲಿನ ಹಿಂದೆ ಕಟ್ಟಿಗೆಯ ಪೆಟ್ಟಿಗೆ, ಈಗ ಮಗ ಕಲ್ಮೇಶ ಓಡಿಸುವ ಮೂರು ಗಾಲಿಯ ಟಂಟಂ. ಇಷ್ಟು ವರ್ಷದಲ್ಲಿ ಅವನು ಒಂದು ದಿನವೂ ತನ್ನನ್ನು ವ್ಯಾಪಾರಿ ಎಂದುಕೊಂಡಿಲ್ಲ. ಕೇಳಿದರೆ, "ನಾ ಹುಡುಗುರನ್ನ ನಗಸಾಂವ" ಎನ್ನುತ್ತಾನೆ. ಈ ಮಾತನ್ನು ಎಷ್ಟು ಸಲ ಹೇಳಿದ್ದಾನೆಂದರೆ ಊರೂ ನಂಬಿಬಿಟ್ಟಿದೆ.

ನಗಿಸುತ್ತಿದ್ದದ್ದು ಅವನ ಹಾಡು. ನಾವು ಮೂರನೆಯ ಇಯತ್ತೆಯಲ್ಲಿದ್ದಾಗ ಅವನೇ ಕಟ್ಟಿದ್ದು. ಬೈಲಹೊಂಗಲದ ಫ್ಯಾಕ್ಟರಿಯಲ್ಲಿ ಪೆಟ್ಟಿಗೆ ತುಂಬಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ನಮ್ಮ ಓಣಿಗೆ ಬಂದು, ಒಂದು ಕಾಲು ನೆಲಕ್ಕೆ ಊರಿ, ರಬ್ಬರ್ ಹಾರ್ನು ಎರಡು ಸಲ ಒತ್ತಿ ಶುರು ಮಾಡುತ್ತಿದ್ದ:

"ಹಾಲೈಸ ಬಂತ ಬಾ, ಕರಿ ದುರ್ಗಿ ಓಡಿ ಬಾ,
ನಾಕ ಕಡ್ಡಿ ತಿಂದರ ಬೆಳ್ಳಗಾಗ್ತಿ ಬಾ!"

ದುರ್ಗಿ ಎಂದರೆ ದುರ್ಗಾ, ನನ್ನ ವರ್ಗದವಳು, ಓಣಿಯ ಕೊನೆಯ ಮನೆಯವಳು. ಬಣ್ಣ ಕಪ್ಪು. ಹಾಡು ಕೇಳಿಸಿದ್ದೇ ತಡ, ಊಟದ ತಾಟು ಬಿಟ್ಟು ಬರಿಗಾಲಲ್ಲಿ ಓಡಿ ಬರುತ್ತಿದ್ದಳು, ಎಲ್ಲರಿಗಿಂತ ಮೊದಲು. ಅವಳು ಬಂದು ನಿಂತ ಮೇಲೆ ಲಕ್ಕಪ್ಪ ಪೆಟ್ಟಿಗೆ ತೆರೆದು ಮೊದಲ ಹಾಲೈಸನ್ನು ಅವಳಿಗೆ ಪುಕ್ಕಟೆ ಕೊಡುತ್ತಿದ್ದ. ಹಾಡುತ್ತ ಹಿಂದೆ ಬಂದ ನಾವೂ ಹಾಡು ಬಿಟ್ಟು ಕೈ ಚಾಚುತ್ತಿದ್ದೆವು. ನಾನು ಹಾಡಿಲ್ಲ ಎಂದು ಬರೆಯಲು ಬರುವುದಿಲ್ಲ. ನನ್ನ ದನಿ ಎಲ್ಲರಿಗಿಂತ ದೊಡ್ಡದಿತ್ತು.

ವಯಸ್ಸಾದಂತೆ ಲಕ್ಕಪ್ಪನ ಗಂಟಲು ಕೆಟ್ಟಿತು, ಹಾಡು ನಿಂತಿತು. ಟಂಟಂ ಬಂದ ಮೇಲೆ ಬರೀ ಹಾರ್ನು. ಹಾಗೆಯೇ ಇದ್ದಿದ್ದರೆ ಒಳ್ಳೆಯದಿತ್ತು. ಈ ವರ್ಷ ಶಿವರಾತ್ರಿಯ ಮರುದಿನ ನಾನೇ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ಆ ಹಾಡು ಹಾಡಿಸಿ, ಮೊಬೈಲಿನಲ್ಲಿ ಹಿಡಿದು ಹಳೆಯ ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಹೊಟ್ಟೆ ಬಂದ ಗಂಡಸರೆಲ್ಲ 'ನಮ್ಮ ಬಾಲ್ಯ, ನಮ್ಮ ಬಾಲ್ಯ' ಎಂದು ಬರೆದರು. ದುರ್ಗಾ ಆ ಗುಂಪಿನಲ್ಲಿಲ್ಲ. ಯಾಕಿಲ್ಲ ಎಂದು ಯಾರೂ ಕೇಳಿರಲಿಲ್ಲ. ಕಲ್ಮೇಶ ಹಾಡನ್ನು ಟಂಟಂನ ಸ್ಪೀಕರಿಗೆ ಹಾಕಿದ. ವ್ಯಾಪಾರ ಜೋರಾಯಿತು, ದೊಡ್ಡವರೂ ಬಂದು ನಿಲ್ಲತೊಡಗಿದರು. ಲಕ್ಕಪ್ಪ ತನ್ನ ದನಿಯನ್ನು ತಾನೇ ಕೇಳುತ್ತ ಮುಂದಿನ ಸೀಟಿನಲ್ಲಿ ಮದುಮಗನಂತೆ ಕೂತಿರುತ್ತಿದ್ದ.

ಟಂಟಂ ನಿಲ್ಲುವುದು ಶಾಲೆಯ ಗೇಟಿನ ಎದುರು. ದುರ್ಗಾ ಹೋದ ವರ್ಷ ವರ್ಗವಾಗಿ ಅದೇ ಶಾಲೆಗೆ ಶಿಕ್ಷಕಿಯಾಗಿ ಬಂದಿದ್ದಾಳೆ. ಹಾಡು ಶುರುವಾದ ಮೂರನೆಯ ದಿನ ಗೇಟಿಗೆ ಬಂದು ಕಲ್ಮೇಶನಿಗೆ, "ಆ ಹಾಡ ಹಚ್ಚಬ್ಯಾಡಪಾ" ಎಂದಳು. ಅಷ್ಟೇ ಹೇಳಿದಳು. ಪರೀಕ್ಷೆಯ ದಿನಗಳು, ಗದ್ದಲವಾಗುತ್ತಿರಬೇಕು ಎಂದುಕೊಂಡು ತಂದೆ ಮಗ ಸಪ್ಪಳವನ್ನು ಅರ್ಧ ಮಾಡಿದರು. ಎರಡನೆಯ ಸಲ ಹೇಳಿದಾಗ ಇನ್ನಷ್ಟು ಇಳಿಸಿದರು. ಲಕ್ಕಪ್ಪ ನನ್ನ ಮುಂದೆ ಗೊಣಗಿದ:

"ಇಷ್ಟ ಸಣ್ಣಗ ಹಚ್ಚಿದರ ಇರುವಿಗೂ ಕೇಳೂದಿಲ್ಲ. ಹೆಸರ ಆಕೀದೇ ಐತಿ, ಆಕೀಗೇ ಬ್ಯಾಡಂದ್ರ ಹ್ಯಾಂಗ?"

ಅದೇ ವಾರ, ನಾನು ಟಂಟಂನ ಬದಿಗೆ ನಿಂತಿದ್ದಾಗ, ಒಂದನೆಯ ಇಯತ್ತೆಯ ನೀಲಾ ಬಂದಳು. ಮುಂದಿನ ಹಲ್ಲು ಬಿದ್ದ, ದುರ್ಗಾಳದೇ ಬಣ್ಣದ ಹುಡುಗಿ. ನಾಲ್ಕು ದಿನದಿಂದ ದಿನಕ್ಕೊಂದು ಹಾಲೈಸು ತಿನ್ನುತ್ತಿದ್ದಳು. ಅವತ್ತಿನದನ್ನು ಮುಗಿಸಿ, ಕಡ್ಡಿಯನ್ನು ಅಂಗಿಗೆ ಒರೆಸಿದಳು. ಕಂಪಾಸ್ ಡಬ್ಬಿಯಿಂದ ಇನ್ನೂ ಮೂರು ಕಡ್ಡಿ ತೆಗೆದು, ನಾಲ್ಕನ್ನೂ ಲಕ್ಕಪ್ಪನ ಮುಂದೆ ಜೋಡಿಸಿದಳು.

"ಅಜ್ಜಾ, ನಾಕ ಆದೂ. ಯಾವಾಗ ಬೆಳ್ಳಗ ಆಗತೇನಿ?"

ಸುತ್ತಲಿದ್ದ ಹುಡುಗರು ನಕ್ಕರು. ಲಕ್ಕಪ್ಪನೂ ನಗಲು ಬಾಯಿ ತೆರೆದ. ನೀಲಾ ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು.

ದುರ್ಗಾ ಗೇಟಿನಿಂದ ಬಂದು, "ಹೋಗವಾ ನೀಲಾ, ಕೈ ತೊಳಕೊ" ಎಂದು ಅವಳನ್ನು ಒಳಗೆ ಕಳಿಸಿದಳು. ಕಡ್ಡಿಗಳು ಅಲ್ಲೇ ಉಳಿದವು.

"ಸಣ್ಣ ಕೂಸ್ರಿ ಅಕ್ಕೋರ, ಖರೇನ ಅನಕೊಂಡೈತಿ," ಲಕ್ಕಪ್ಪ ಹೇಳಿದ. "ಚಾಷ್ಟಿ ಅದಕ್ಕ ತಿಳಿಯಂಗಿಲ್ಲ. ನಿಮಗರೆ ತಿಳೀತಿತ್ತಲ್ಲ? ಎಲ್ಲಾರಕಿಂತ ಮೊದಲ ಓಡಿ ಬರತಿದ್ರಿ."

ದುರ್ಗಾ ದನಿ ಏರಿಸಲಿಲ್ಲ.

"ನಾ ಬಂದ ನಿಂತ ಮ್ಯಾಲ ನೀವು ಹಾಡೂದ ಬಿಡತಿದ್ರಿ ಕಾಕಾ. ಅದಕ್ಕ ಓಡತಿದ್ನಿ. ಐಸ್ ಮನ್ಯಾಗ ತಮ್ಮಗ ಕೊಡತಿದ್ನಿ."

ಇಷ್ಟು ಹೇಳಿ ವರ್ಗಕ್ಕೆ ಹೋದಳು. ನನ್ನತ್ತ ನೋಡಲೂ ಇಲ್ಲ. ನನಗೆ ನಾಚಿಕೆಯಾಯಿತು. ಗುಂಪಿನಿಂದ ವಿಡಿಯೊ ಅಳಿಸಿದೆ. ಉಳಿದವರ ಮೊಬೈಲಿನಲ್ಲಿ ಅದು ಇದ್ದೇ ಇದೆ.

ಮುಂದಿನದು ಕಲ್ಮೇಶ ನನಗೆ ಹೇಳಿದ್ದು. ಮನೆಯ ಅಂಗಳದಲ್ಲಿ ಟಂಟಂ ನಿಂತ ಮೇಲೆ ಲಕ್ಕಪ್ಪ, "ಆ ಹಾಡ ತಗಿ" ಎಂದ. ಕಲ್ಮೇಶ ವ್ಯಾಪಾರ ಬೀಳುತ್ತದೆ ಎಂದ.

"ಬೀಳಲಿ. ನಕ್ಕೋತ ಓಡಿ ಬರತಾಳಂತ ಇಷ್ಟ ವರ್ಷ ತಿಳಕೊಂಡಿದ್ನಿ. ಒಂದ ಸಲಾನೂ ಆಕಿ ಮಾರಿ ನೋಡಿಲ್ಲ ನಾ."

ಮರುದಿನ ಬರೀ ಹಾರ್ನು. ಹುಡುಗರು ಬಂದರು, ಹಾಡಿದ್ದಾಗಿನಷ್ಟಲ್ಲ. ನೀಲಾ ಬಂದಳು, ಲಕ್ಕಪ್ಪ ಅವಳ ಮುಖ ನೋಡಿ, ಯಾವುದು ಬೇಕು ಎಂದು ಕೇಳಿ ಕೊಟ್ಟ. ಹೊಟ್ಟೆ ಬಂದವರು ಯಾರೂ ಬರಲಿಲ್ಲ. ಶಾಲೆ ಬಿಟ್ಟು ಓಣಿ ಖಾಲಿಯಾಯಿತು. ಹೊರಡೋಣ ಎಂದು ಕಲ್ಮೇಶ ಎರಡು ಸಲ ಹೇಳಿದರೂ ಲಕ್ಕಪ್ಪ ಗೇಟಿನತ್ತ ನೋಡುತ್ತ ಕೂತೇ ಇದ್ದ.

ದುರ್ಗಾ ವರ್ಗಕ್ಕೆ ಬೀಗ ಹಾಕಿ, ಜಗ್ಗಿ ನೋಡಿ, ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದಳು.

"ಕೇಸರಿ ಬಣ್ಣದ್ದ ಐತೇನ್ರಿ ಕಾಕಾ?"

ಲಕ್ಕಪ್ಪ ಪೆಟ್ಟಿಗೆಯ ತಳದವರೆಗೆ ಕೈ ಹಾಕಿ ಹುಡುಕಿ ಕೊಟ್ಟ. ಪುಕ್ಕಟೆ ಕೊಡಲು ಹೋಗಲಿಲ್ಲ. ಅವಳು ಕೊಟ್ಟ ಹತ್ತರ ನೋಟು ತೆಗೆದುಕೊಂಡ. ಅವತ್ತು ಅವಳು ಎಲ್ಲರಿಗಿಂತ ಕೊನೆಗೆ ಬಂದಿದ್ದಳು, ನಡೆದುಕೊಂಡು.