ತಗ್ಗಿನೊಳಗಿನ ನಳ

ನಮ್ಮ ಓಣಿಯಲ್ಲಿ ನಳಗಳು ನೆಲದ ಮೇಲೆ ಇರಲಿಲ್ಲ. ಪ್ರತಿ ಮನೆಯ ಮುಂದೆ ಒಂದು ತಗ್ಗು, ಅದರ ಬದಿಯಿಂದ ಚಾಚಿದ ಗಿಡ್ಡ ಪೈಪು, ಪೈಪಿನ ಬಾಯಿಗೆ ಕಟ್ಟಿದ ಬಟ್ಟೆಯ ಚೂರು. ಹೂವಿನ ಹಿಪ್ಪರಗಿಯಿಂದ ಈ ತಾಲೂಕು ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಕೊಡವನ್ನು ತಗ್ಗಿಗೆ ಇಳಿಸಿ, ತುಂಬಿದ ಮೇಲೆ ಬಗ್ಗಿ ಮೇಲೆತ್ತುವುದನ್ನು ರೂಢಿ ಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಕೊಲ್ಹಾರದ ಕಡೆಯಿಂದ ಹೊಳೆ ನೀರು ಊರ ಟಾಕಿಗೆ ಬಂದು, ಅಲ್ಲಿಂದ ದಿನ ಬಿಟ್ಟು ದಿನ ನಮ್ಮ ಓಣಿಗೆ ಬರುತ್ತಿತ್ತು.

ನಳ ಎಷ್ಟು ಕೆಳಗಿದ್ದರೆ ನೀರು ಅಷ್ಟು ಜೋರು. ತಗ್ಗು ತೋಡುವುದಕ್ಕೆ ಇದ್ದ ಕಾರಣ ಅಷ್ಟೇ. ಒಬ್ಬರು ಗೇಣು ಅಗೆದರೆ ಪಕ್ಕದವರು ಮೊಳ ಅಗೆಯುತ್ತಿದ್ದರು. ಮುದ್ದೇಬಿಹಾಳದಲ್ಲಿ ನನ್ನ ತಂಗಿಯ ಮನೆಯ ಮುಂದೆಯೂ ಇಂಥದ್ದೇ ತಗ್ಗಿತ್ತು. ಎಲ್ಲರೂ ಮಾಡುವುದನ್ನು ತಪ್ಪೆಂದು ಯಾರು ತಿಳಿದಾರು?

ಓಣಿ ಇಳಿಜಾರಿನದು. ಕೆಳಗಿನ ತುದಿಯಲ್ಲಿ ನಮ್ಮ ಮನೆ, ಮೇಲಿನ ತುದಿಯಲ್ಲಿ ಒಬ್ಬಂಟಿ ಮುದುಕಿಯ ಮನೆ. ಅವಳನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ಏರಿನ ಮೇಲಿದ್ದುದರಿಂದ ಅವಳ ನಳಕ್ಕೆ ನೀರು ಹತ್ತುವುದೇ ಕಷ್ಟ. ಹೀಗಾಗಿ ಓಣಿಯಲ್ಲೇ ಆಳವಾದ ತಗ್ಗು ಅವಳದು. ಅದರೊಳಗೆ ಇಳಿದು ಕುಳಿತರೆ ಸೆರಗು ಹೊದ್ದ ತಲೆ ಮಾತ್ರ ಕಾಣುತ್ತಿತ್ತು.

"ಆಯಿ, ಇನ್ನೊಂದು ಮೊಳಾ ಅಗದ್ರ ಹೊಳಿನ ಸಿಗತೈತಿ ನೋಡು," ಎಂದು ನಮ್ಮತ್ತೆ ಕಿಚಾಯಿಸುತ್ತಿದ್ದರು.

"ಸಿಗಲಿ ಬಿಡು. ಆವಾಗ ನೀವೆಲ್ಲಾ ಕೊಡಾ ಹಿಡಕೊಂಡು ನನ್ನ ಬಾಗಲದಾಗ ನಿಂದರ್ರಿ!"

ನೀರು ಬಿಡಲು ಬರುತ್ತಿದ್ದವರನ್ನು ನೀರಿನ ಕಾಕಾ ಎಂದು ಕರೆಯುತ್ತಿದ್ದೆವು. ಸೈಕಲ್ಲಿಗೆ ಕಟ್ಟಿದ ಉದ್ದನೆಯ ಕಬ್ಬಿಣದ ಚಾವಿ ಅವರ ಗುರುತು. ಓಣಿಯ ಮೇಲ್ಗಡೆ, ಆಯಿಯ ಮನೆಯ ಎದುರಿನ ಗುಂಡಿಯಲ್ಲಿ ಅದನ್ನು ಇಳಿಸಿ ತಿರುಗಿಸಿದರೆ ನಮ್ಮ ಕಡೆಗೆ ನೀರು. ತಿರುಗಿಸಿ ಸುಮ್ಮನೆ ಹೋದವರಲ್ಲ. ಇಳಿಜಾರಿನುದ್ದಕ್ಕೂ ನಡೆದು, ಯಾರ ನಳ ಸಣ್ಣಗಾಗಿದೆ, ಯಾರದು ಬಂದಿಲ್ಲ ಎಂದು ನೋಡುತ್ತಿದ್ದರು. ಸತ್ತವರ ಮನೆಯಿದ್ದರೆ ಸರದಿ ಇಲ್ಲದಿದ್ದರೂ ಆ ಓಣಿಗೆ ನೀರು ಬಿಡುತ್ತಿದ್ದರು. ಯಾರೂ ಕೇಳಬೇಕಾಗಿರಲಿಲ್ಲ.

ಒಂದು ಮಳೆಗಾಲದ ಆರಂಭದಲ್ಲಿ, ನಳದ ಮೊದಲ ನೀರಿಗೆ ಗಟಾರದ ವಾಸನೆ ಬರತೊಡಗಿತು. ಮೊದಲ ನೀರು ಚೆಲ್ಲಿ, ಆಮೇಲಿನದನ್ನು ಹಿಡಿದೆವು. ವಾರ ಕಳೆಯುವುದರೊಳಗೆ ನನ್ನ ಮಗಳಿಗೆ ವಾಂತಿ, ಭೇದಿ ಶುರುವಾಯಿತು. ಆಗ ಅವಳಿಗೆ ಇನ್ನೂ ಸಾಲಿಗೆ ಹೋಗುವ ವಯಸ್ಸಲ್ಲ. ದವಾಖಾನೆಯಲ್ಲಿ ಅವಳ ಕೈಗೆ ಸಲಾಯಿನ್ ಹಚ್ಚಿದಾಗ ಅವಳು ಅಳಲಿಲ್ಲ. ಅಳಲು ಅವಳಲ್ಲಿ ಶಕ್ತಿ ಇರಲಿಲ್ಲ. ಅವಳ ತುಟಿ ಒಣಗಿ, ಮೂಲೆಗಳಲ್ಲಿ ಬಿಳಿ ಕಟ್ಟಿತ್ತು. ಹೊಟ್ಟೆಯ ಚರ್ಮವನ್ನು ಡಾಕ್ಟರು ಚಿವುಟಿ ಬಿಟ್ಟರೆ ಅದು ಹಾಗೇ ನಿಂತಿತ್ತು. ಅದನ್ನು ನೋಡಿದವಳು ನಾನು. ಇವತ್ತಿಗೂ ಕಣಕ ನಾದುವಾಗ ಒಮ್ಮೊಮ್ಮೆ ನನ್ನ ಕೈ ನಿಂತುಬಿಡುತ್ತದೆ.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟು: "ನೀರು ಕಾಯಿಸಿ ಆರಿಸಿ ಕೊಡ್ರಿ. ಇನ್ನೊಮ್ಮೆ ಹಿಂಗಾದ್ರ ಕೂಸು ತಡಕೊಳ್ಳಾಂಗಿಲ್ಲ."

ಕಾಯಿಸಿದೆ. ಆದರೆ ಅವಳನ್ನು ಎಷ್ಟಂತ ಕಾಯುತ್ತ ಕೂರುವುದು? ಜಳಕದ ನೀರನ್ನೇ ಬೊಗಸೆಯಲ್ಲಿ ಕುಡಿಯುವ ವಯಸ್ಸು ಅವಳದು. ನೀರಿನ ಸದ್ದಾದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಅವಳತ್ತ ಓಡುತ್ತಿದ್ದೆ.

ಕಾಕಾ ಊರ ನೀರು ಸರಬರಾಜು ನೋಡುವ ತಮ್ಮ ಸಾಹೇಬರನ್ನು ಕರೆತಂದರು. ನೀರಿನ ಪೈಪು ಗಟಾರವನ್ನು ದಾಟುವ ಜಾಗದಲ್ಲಿ ಒಡೆದಿರಬೇಕು ಎಂದು ಇಬ್ಬರಿಗೂ ಅನುಮಾನ. ಓಣಿಗೆ ನೀರು ಬಂದ್ ಮಾಡಿ, ಟ್ಯಾಂಕರ್ ಕಳಿಸಿ, ಕೆಲಸಗಾರರು ಅಗೆಯಲು ಶುರುಮಾಡಿದರು. ಗಟಾರದ ಕಪ್ಪು ನೀರನ್ನು ಬಕೆಟ್ಟಿನಿಂದ ಎತ್ತಿ ಚೆಲ್ಲಿ, ಅದು ಮತ್ತೆ ತುಂಬುವುದರೊಳಗೆ ಕೈಯಿಟ್ಟು ಪೈಪನ್ನು ತಡವುತ್ತಿದ್ದರು. ಕಾಕಾ ಕೂಡ ಚಡ್ಡಿಯ ಮೇಲೆ ಇಳಿದಿದ್ದರು. ಸಾಹೇಬರು ಪ್ಯಾಂಟು ಮಡಚಿ ದಂಡೆಯಲ್ಲಿ ಕುಳಿತು, ಕೈಗೆ ಕೈ ಕೊಟ್ಟು ಅವರನ್ನು ಮೇಲೆಳೆದುಕೊಳ್ಳುತ್ತಿದ್ದರು. ತುಕ್ಕು ಹಿಡಿದ ಒಂದು ತುಂಡು ಸಿಕ್ಕಿತು, ಬದಲಿಸಿದರು. ಮೇಲೆ ಬಂದ ಕೆಲಸಗಾರರಿಗೆ ನಮ್ಮತ್ತೆ ಟ್ಯಾಂಕರ್ ನೀರನ್ನೇ, ನಾವು ಕುಡಿಯಲು ಹಿಡಿದಿಟ್ಟದ್ದನ್ನು, ಕೊಡದಿಂದ ಅವರ ಕೈಕಾಲಿಗೆ ಸುರಿದರು.

ಮರುಸಲ ನೀರು ಬಿಟ್ಟಾಗ ವಾಸನೆ ಹೋಗಿರಲಿಲ್ಲ.

ಕಾಕಾ ನಮ್ಮ ತಗ್ಗಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮೂಸಿ ನೋಡಿದರು. "ಎಲ್ಲೋ ಒಂದು ಕಡೆ ಐತ್ರಿ ತಂಗಿ. ನಮಗ ಸಿಕ್ಕಿಲ್ಲ ಅಷ್ಟ," ಎಂದರು. ಆಮೇಲೆ, "ಕೂಸು ಹೆಂಗೈತ್ರಿ?" ಎಂದು ಕೇಳಿದರು. ಬಂದಾಗಲೆಲ್ಲ ಕೇಳುತ್ತಿದ್ದರು.

ಅವತ್ತು ಅವರೂ ಸಾಹೇಬರೂ ಆಯಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ನಾನು ಮಗಳನ್ನು ಸೊಂಟದ ಮೇಲೆ ಹೊತ್ತು ಅಲ್ಲೇ ನಿಂತಿದ್ದೆ. ಆಯಿ ಸುಮ್ಮನಿರುವವಳಲ್ಲ.

"ನಿಮ್ಮ ನಳಾ ಭಾಳ ಜಿಪುಣ ಐತಿ ನೋಡಪಾ. ಕೊಟ್ಟದ್ದನ್ನ ಹೊಳ್ಳಿ ಕಸಗೋತೈತಿ. ನೀವು ನೀರು ನಿಂದರಿಸಿದ ಕೂಡಲೇ ನನ್ನ ತಗ್ಗಿನ್ಯಾಗ ನಿಂತ ನೀರೆಲ್ಲಾ ಗಟಗಟ ಕುಡದಬಿಡತೈತಿ!"

ನಾವು ಹೆಂಗಸರು ನಕ್ಕೆವು. ಓಣಿಯಲ್ಲಿ ಇದು ಹಳೆಯ ಚೇಷ್ಟೆಯ ಮಾತು. ನಳ ನೀರು ಕುಡಿಯುವ ಸದ್ದನ್ನು ಎಲ್ಲರೂ ಕೇಳಿದ್ದೆವು. ತಗ್ಗಿನ ನೀರು ಬಳಿದು ಚೆಲ್ಲುವ ಕೆಲಸ ತಪ್ಪಿತೆಂದು ಖುಷಿಯೂ ಪಟ್ಟಿದ್ದೆವು. ಆದರೆ ಸಾಹೇಬರು ಚಹಾದ ಕಪ್ಪನ್ನು ಕೆಳಗಿಟ್ಟರು. ಕಾಕಾ ಅವರ ಮುಖ ನೋಡಿದರು.

"ಆಯಿ, ಮನ್ಯಾಗ ಅರಿವಿಗೆ ಹಾಕೋ ನೀಲಿ ಐತೇನು?" ಎಂದು ಕೇಳಿದರು ಕಾಕಾ.

"ಯಾಕೋ, ನಳಕ್ಕ ಧೋತ್ರ ಉಡಸಾಂವೇನು?"

ಬಟ್ಟೆಗೆ ಹಾಕುವ ನೀಲಿ ಬಂತು. ಕಾಕಾ ನೀರು ಬಿಟ್ಟರು. ಆಯಿಯ ತಗ್ಗು ತುಂಬಿ ನಳದ ಬಾಯಿ ಮುಳುಗಿತು. ಸಾಹೇಬರು ನೀಲಿಯನ್ನು ಅದರಲ್ಲಿ ಕಲಕಿದರು. ನನಗೆ ಮನೆಗೆ ಹೋಗಿ ನಮ್ಮ ನಳದ ಕೆಳಗೆ ಬಿಳಿ ಪಿಂಗಾಣಿ ತಾಟು ಹಿಡಿಯಲು ಹೇಳಿದರು. ನಾನು ಇಳಿದು ಹೋದೆ, ತಾಟು ಹಿಡಿದೆ. ಮೇಲೆ ಚಾವಿ ತಿರುಗಿಸಿ ನೀರು ನಿಲ್ಲಿಸಿದ್ದು ನಮ್ಮ ನಳ ಸಣ್ಣಗಾದಾಗ ತಿಳಿಯಿತು. ಆದರೆ ನಾವು ಇಳಿಜಾರಿನವರು, ಪೈಪಿನಲ್ಲಿ ಉಳಿದದ್ದು ನಮ್ಮ ಕಡೆಗೇ ಹರಿಯುತ್ತಿತ್ತು. ಧಾರೆ ದಾರದಷ್ಟಾಯಿತು. ಮೊದಲು ತಿಳಿಯಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ತಾಟಿನ ನಡುವೆ ಮಸುಕು ನೀಲಿ ಹರಡಿತು, ಆಮೇಲೆ ದಟ್ಟವಾಯಿತು. ಮಗಳು ಮುಟ್ಟಲು ಕೈ ಚಾಚಿದಳು. ನಾನು ಅವಳನ್ನು ಎಷ್ಟು ಜೋರಾಗಿ ಹಿಂದಕ್ಕೆಳೆದೆನೆಂದರೆ ತಾಟು ಉರುಳಿತು.

ಆಯಿ ಇಳಿಜಾರು ಇಳಿದು ಬಂದಳು. ಅವಳ ಹಿಂದೆ ಓಣಿಯೆಲ್ಲ ಬಂತು. ಅವಳು ನೆಲದ ಮೇಲಿನ ನೀಲಿಯನ್ನು ನೋಡಿದಳು, ನನ್ನ ಮಗಳನ್ನು ನೋಡಿದಳು. ಅವಳ ತಗ್ಗಿಗೆ ಮಳೆಯಲ್ಲಿ ಪಕ್ಕದ ಗಟಾರದ ನೀರು ಒಸರುವುದು ನಮಗೆಲ್ಲ ಗೊತ್ತಿತ್ತು.

"ಇದನ್ನೇನು ಕೂಸು ಕುಡದದ್ದು?"

ಕಾಕಾ ಹೇಳಿದರು, "ನಿನ್ನ ತಗ್ಗೊಂದ ಅಲ್ಲ ಆಯಿ. ನೀರು ನಿಂತ ಕೂಡಲೇ ಎಲ್ಲಾ ತಗ್ಗಿನ ಹೊಲಸೂ ನಳದಾಗ ಹೊಕ್ಕು ಹಿಂಗ ಕೆಳಗ ಇಳೀತೈತಿ."

"ನಾಳಿನ ಮುಚ್ಚತೇನಿ. ಆದ್ರ ನಳಾ ಮ್ಯಾಲೆ ತಂದ್ರ ನನಗ ನೀರು ಹತ್ತಾಂಗಿಲ್ಲ. ಈ ವಯಸ್ಸಿನ್ಯಾಗ ಎಲ್ಲಿಂದ ಹೊರಲೋ?"

"ಕೆಳಗಿನವರು ಮುಚ್ಚಿದ್ರ ಹತ್ತತೈತಿ. ಇವರೆಲ್ಲಾ ಕೆಳಗ ಜಗ್ಗೂದಕ್ಕ ನಿನಗ ಬರಾಂಗಿಲ್ಲ."

"ನಮಗ ಹೆಂಗೂ ಬರತೈತಿ, ನಾವ್ಯಾಕ ಎತ್ತರಿಸೂಣು?" ಎಂದ ನಡುವಿನ ಮನೆಯ ಗಂಡಸೊಬ್ಬ.

ನಮ್ಮತ್ತೆ ಒಳಗೆ ಹೋಗಿ ಸಲಿಕೆ ತಂದು, ನಮ್ಮ ತಗ್ಗಿನ ದಂಡೆಯ ಮಣ್ಣನ್ನು ನಮ್ಮ ತಗ್ಗಿಗೇ ತಳ್ಳತೊಡಗಿದರು. "ಏ ಯವ್ವಾ, ಪೈಪು ಎತ್ತರಿಸೂತನಕರೆ ತಡಿರಿ!" ಎಂದು ಕಾಕಾ ಓಡಿ ಬಂದರು. ಓಣಿಯೆಲ್ಲ ನಕ್ಕಿತು, ನಡುವಿನ ಮನೆಯವನೂ ನಕ್ಕ.

ಮುಂದಿನ ಕೆಲವು ದಿನ ಕಾಕಾ ಮತ್ತು ಕೆಲಸಗಾರರು ಮನೆಮನೆಗೂ ಬಂದು ಪೈಪು ಎತ್ತರಿಸಿ, ಬಾಯಿಗೆ ತಿರುಗಿಸಿ ಮುಚ್ಚುವ ತೋಟಿ ಕೂಡಿಸಿದರು. ಬೇರೆ ಓಣಿಗಳಿಗೆ ನೀರು ಬಿಟ್ಟು ಮುಗಿಸಿ, ಉಂಡು ಮಲಗುವ ಹೊತ್ತಿನಲ್ಲಿ ಅವರು ಈ ಕೆಲಸ ಮಾಡಿದರು. ತಗ್ಗುಗಳನ್ನು ಮಣ್ಣು ತುಂಬಿ, ಮೇಲೆ ಕಲ್ಲು ಹಾಸಿದೆವು. ಆದರೂ ನೀರು ಬಿಡುವ ದಿನ ಬಂದಾಗ ಎಲ್ಲರಿಗೂ ಒಂದೇ ಅಳುಕು. ಆಯಿಗೆ ನೀರು ಹತ್ತದಿದ್ದರೆ ಅವಳು ಮತ್ತೆ ಅಗೆಯಲೇಬೇಕು. ಅವಳು ಅಗೆದರೆ ಮತ್ತೆ ಎಲ್ಲರೂ ಅಗೆಯುತ್ತಾರೆ.

"ಆಯಿ ಕೊಡ ತುಂಬೂತನಕ ಕೆಳಗಿನವರು ತೋಟಿ ಬಿಚ್ಚಬ್ಯಾಡ್ರಿ," ಎಂದು ಹೇಳಿ ಕಾಕಾ ಚಾವಿ ತಿರುಗಿಸಿದರು.

ಪೈಪಿನಲ್ಲಿ ಗಾಳಿ ಬುಸ್ಸೆಂದಿತು. ನಮ್ಮ ತೋಟಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಒಳಗೆ ನೀರು ಬಂದು ಗುದ್ದಿದ್ದು ಅಂಗೈಗೆ ತಿಳಿಯಿತು. ನಡುವಿನ ಮನೆಯವನೂ ತನ್ನ ತೋಟಿ ಮುಚ್ಚಿ ಹಿಡಿದು ಮೇಲೆ ನೋಡುತ್ತಿದ್ದ. ಏರಿನ ತುದಿಯಲ್ಲಿ ಆಯಿ ತನ್ನ ನಳದ ಮುಂದೆ ಬಗ್ಗದೆ, ನೆಟ್ಟಗೆ ನಿಂತಿದ್ದಳು. ಅವಳು ನೀರಿನ ಹೊತ್ತಿನಲ್ಲಿ ಹಾಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಳ ಎರಡು ಸಲ ಉಗುಳಿತು, ಸುಮ್ಮನಾಯಿತು. ಕಾಕಾ ಚಾವಿಯನ್ನು ಇನ್ನಷ್ಟು ತಿರುಗಿಸಿದರು.

"ಬಂತು! ಬಂತು ನೋಡ್ರಿ!" ಎಂದು ಕೂಗಿದಳು ಆಯಿ.

ಧಾರೆ ಸಣ್ಣದೇ. ಕೊಡ ತುಂಬುವತನಕ ಇಡೀ ಓಣಿ ತೋಟಿ ಹಿಡಿದುಕೊಂಡು ನಿಂತಿತ್ತು. ತುಂಬಿದ ಮೇಲೆ ಅವಳು ಸೊಂಟಕ್ಕೆ ಕೈಯಿಟ್ಟು ಕೆಳಗೆ ಕೂಗಿದಳು:

"ತುಂಬೇತಿ, ಬಿಡ್ರಿ! ಕೂಸಿಗೆ ಹಂಗ ಕೊಟ್ಟೀರಿ ಮತ್ತ, ಮದ್ಲ ಮೂಸಿ ನೋಡ್ರಿ!"

ನಾನು ತೋಟಿ ತಿರುಗಿಸಿ ಬೊಗಸೆ ಒಡ್ಡಿದೆ. ಮೂಸಿದೆ. ಹೊಸ ತೋಟಿಯ ಕಬ್ಬಿಣದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ನನ್ನ ಮೂಗನ್ನು ನಾನೇ ನಂಬದೆ ನಿಂತಿದ್ದಾಗ ಕಾಕಾ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಇಳಿದು ಬಂದರು. ಅವರೂ ಬೊಗಸೆ ಒಡ್ಡಿ ಮೂಸಿದರು, ಚೆಲ್ಲಿ ಇನ್ನೊಮ್ಮೆ ಹಿಡಿದು ಮೂಸಿದರು. ಆಮೇಲೆ ಕುಡಿದರು.

"ಇನ್ನೊಂದಿಷ್ಟು ದಿನಾ ಕಾಯಿಸೇ ಕೊಡ್ರಿ ತಂಗಿ," ಎಂದು ಹೇಳಿ, ಒದ್ದೆ ಕೈಯಿಂದ ಮಗಳ ಗಲ್ಲ ಮುಟ್ಟಿ, ಮುಂದಿನ ಓಣಿಗೆ ಹೋದರು.

ಆ ಮಳೆಗಾಲದಲ್ಲಿ ಮಗಳು ಮತ್ತೆ ಕಾಯಿಲೆ ಬಿದ್ದು ಮಲಗಲಿಲ್ಲ. ಮೇಲಿನಿಂದ ಆಯಿ ಕೂಗುವತನಕ ನಮ್ಮ ಓಣಿಯಲ್ಲಿ ಯಾರೂ ತೋಟಿ ಬಿಚ್ಚುತ್ತಿರಲಿಲ್ಲ. ಆ ಕೂಗಿಗೆ ಕಾಯುತ್ತ, ಎರಡೂ ಕೈಯಿಂದ ನಮ್ಮ ತೋಟಿ ಹಿಡಿದು ನಿಲ್ಲುವ ಕೆಲಸವನ್ನು ಮಗಳು ತಾನೇ ವಹಿಸಿಕೊಂಡಿದ್ದಳು.