ತಂಗಮ್ಮನವರ ಮಡಿ ಲ್ಯಾಪ್‌ಟಾಪ್

ಸೋಸಲೆಯ ತಂಗಮ್ಮನವರಿಗೆ ಎರಡು ವಿಷಯಗಳಲ್ಲಿ ಜಂಬವಿತ್ತು. ಮದುವೆಯಾಗಿ ಬಂದಂದಿನಿಂದ ಏಕಾದಶಿಯ ದಿನ ಒಂದಗುಳು ಅನ್ನ ಮುಟ್ಟಿದವರಲ್ಲ. ನಂಜನಗೂಡಿನ ಗಂಗಾಧರಸ್ವಾಮಿಯವರ ಪ್ರೆಸ್ಸಿನ ಪಂಚಾಂಗವೂ ಅಷ್ಟೇ, ಅದರ ಕರಡನ್ನು ತಂಗಮ್ಮ ತಿದ್ದದೆ ಅಚ್ಚಿಗೆ ಹೋಗುತ್ತಿರಲಿಲ್ಲ. ಇನ್ನೊಂದಿತ್ತು, ಅದು ಜಂಬವಲ್ಲ, ಹಟ. ಸೊಸೆ ಮಾನ್ಯಾ ಹೇಳಿದ ಮಾತಿಗೆ ಜಪ್ಪಯ್ಯ ಅಂದರೂ ಹೂಂ ಅನ್ನುತ್ತಿರಲಿಲ್ಲ.

ಕರಡು ಕಾಗದದಲ್ಲಿ ಬರುವುದು ನಿಂತು ಲ್ಯಾಪ್‌ಟಾಪಿನಲ್ಲಿ ಬರತೊಡಗಿತು. ತಿಥಿ ನಕ್ಷತ್ರ ಓದುವ ವಸ್ತುವೆಂದು ತಂಗಮ್ಮ ಅದನ್ನೂ ಮಡಿಗೆ ಸೇರಿಸಿದರು. ದೇವರ ಕೋಣೆಯ ಪಕ್ಕ ಮಣೆಯ ಮೇಲಿಟ್ಟು, ಒಗೆದ ಪಂಚೆ ಹೊದಿಸಿ, ಸ್ನಾನವಾದ ಮೇಲೆಯೇ ತೆರೆಯುತ್ತಿದ್ದರು. ಅಕ್ಷರಗಳು ಸಾಸಿವೆಯಷ್ಟು ಸಣ್ಣವು. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಸಿದ್ದರಾಜುವನ್ನು ಕರೆಸಿದರು. ಅವನು ಒಂದೇ ನಿಮಿಷದಲ್ಲಿ ಪರದೆಯ ರೆಸಲ್ಯೂಷನ್, ಅಂದರೆ ಚುಕ್ಕಿಗಳ ಲೆಕ್ಕ, ಇಳಿಸಿದ.

"ನೋಡ್ಕಳಿ ಅಮ್ಮಾವ್ರೆ, ಎಂಗೆ ದಪ್ಪ ಆಯ್ತು," ಅಂದ.

ದಪ್ಪವೇನೋ ಆಯಿತು, ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ಮಸುಕೂ ಆಯಿತು. ಸಿದ್ದರಾಜು ಮುಟ್ಟಿದರೆ ಮಡಿ ಕೆಡಲಿಲ್ಲವೇ ಎಂದು ಕೇಳಬೇಡಿ. ಅದು ಕೆಡುತ್ತಿದ್ದುದು ಮಾನ್ಯಾಳ ಕೈಯಿಂದ ಮಾತ್ರ.

ಮಾನ್ಯಾ ಬಾಗಿಲಲ್ಲೇ ನಿಂತು ಹೇಳಿದಳು. "ರೆಸಲ್ಯೂಷನ್ ಇಳಿಸಬಾರದು ಅತ್ತೆ. ಅದನ್ನ ಪೂರ್ತಿ ಮೇಲಕ್ಕಿಟ್ಟು, ಸ್ಕೇಲ್ ಅಂತ ಇದೆಯಲ್ಲ, ಅದನ್ನ ಜಾಸ್ತಿ ಮಾಡಿದ್ರೆ ಅಕ್ಷರ ದೊಡ್ಡದೂ ಆಗತ್ತೆ, ಸ್ಪಷ್ಟವಾಗೂ ಕಾಣತ್ತೆ."

"ನಿನ್ನ ಕೇಳಿದವರು ಯಾರು?"

ಮರುದಿನ ಅತ್ತೆ ನದಿಗೆ ಹೋಗಿದ್ದಾಗ ಮಾನ್ಯಾ ಅದನ್ನು ಸರಿಮಾಡಿಟ್ಟಳು. ತಂಗಮ್ಮ ಬಂದು ತೆರೆದರು. ಒಂದೊಂದು ಒತ್ತು, ಒಂದೊಂದು ಅಂಕಿ ಕೆತ್ತಿದ ಹಾಗಿತ್ತು. ಚೆನ್ನಾಗಿದೆ ಎಂದು ಅವರಿಗೆ ತಿಳಿಯಿತು, ತಿಳಿದದ್ದಕ್ಕೇ ಮೈಯೆಲ್ಲ ಉರಿಯಿತು. ಲ್ಯಾಪ್‌ಟಾಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು, ಸಿದ್ದರಾಜುವನ್ನು ಮತ್ತೆ ಕರೆಸಿ ಮೊದಲಿನಂತೆಯೇ ಮಾಡಿಸಿದರು. ಮಾನ್ಯಾ ಅಡುಗೆಮನೆಯಿಂದ ಎಲ್ಲವನ್ನೂ ನೋಡಿದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಕರಡು ಮಸುಕಿನಲ್ಲೇ ಮುಗಿಯಿತು. ೬ ಯಾವುದು, ೭ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಿ, ತಲೆನೋವಿಗೆ ಶುಂಠಿ ತೇಯ್ದು ಹಚ್ಚಿಕೊಂಡು, ಎಲ್ಲ ಸರಿಯಿದೆ ಎಂದು ಕಳಿಸಿದರು. ಯುಗಾದಿಗೆ ಪಂಚಾಂಗ ಬಂತು. ಮನೆಯಲ್ಲಿ ಬೇರೆ ಪಂಚಾಂಗ ಇಡಕೂಡದೆಂದು ಅಪ್ಪಣೆಯಾಯಿತು.

ಮಳೆಗಾಲದ ಒಂದು ತಿಂಗಳು, ಆರನೇ ತಾರೀಖು. ಮಗ ಪಾಠ ಹೇಳಲು ಬನ್ನೂರಿನ ಶಾಲೆಗೆ ಹೋಗಿದ್ದ. ಮಾನ್ಯಾ ಎಲೆ ಹಾಕಿ ಅನ್ನ, ಸಾರು, ಹುಳಿ ಬಡಿಸಿದಳು. ಎಂದೂ ಇಲ್ಲದ್ದು, ತುಪ್ಪವನ್ನೂ ಧಾರಾಳವಾಗಿ ಹಾಕಿದಳು. ತಂಗಮ್ಮ ಮಜ್ಜಿಗೆ ಅನ್ನದವರೆಗೂ ಉಂಡರು. ಸೊಸೆಯ ಎಲೆ ಕಾಣಲಿಲ್ಲ.

"ನಿಂದು ಊಟ?"

"ಇವತ್ತು ಏಕಾದಶಿ ಅತ್ತೆ. ಬೆಳಿಗ್ಗೆ ಮಠದ ಕಡೆ ಹೋಗಿದ್ದೆ, ಅಲ್ಲಿ ಹೇಳಿದ್ರು."

ಏಕಾದಶಿಗೂ ಉಪ್ಪಿಟ್ಟು ತಿನ್ನುತ್ತಿದ್ದ ಹುಡುಗಿ ಅವಳು.

"ಬಡಿಸೋವಾಗ ನಿನ್ನ ಬಾಯಿ ಎಲ್ಲಿತ್ತು?"

"ನಿಮ್ಮ ಪಂಚಾಂಗದಲ್ಲಿ ನಾಳೆ ಅಂತಿದೆ. ನನ್ನ ಮಾತು ನೀವು ಯಾವತ್ತು ಕೇಳಿದೀರಿ?"

ತಂಗಮ್ಮ ಎಂಜಲು ಕೈಯಲ್ಲೇ ಎದ್ದು ಹೋಗಿ, ಎಡಗೈಯಲ್ಲಿ ಪಂಚಾಂಗ ತೆರೆದರು. ಅಚ್ಚು ಬಲು ಸ್ಪಷ್ಟವಾಗಿತ್ತು. ಏಕಾದಶಿಯ ಮುಂದೆ ಏಳು ಎಂದಿತ್ತು. ಪುಟದ ಕೆಳಗೆ, ಕರಡು ತಿದ್ದಿದವರು ಎಂದು ಅವರದೇ ಹೆಸರಿತ್ತು.